ಎಂಜಿನ್ನಿಗೂ ಬೇಕು ವೋಚರು
ಅಮೆರಿಕದ ಹಳೆಯ ‘ಮಸಲ್ ಕಾರು’ಗಳ ಜೀರ್ಣೋದ್ಧಾರ ಮತ್ತು ಅಸಲಿತನದ ಪರಿಶೋಧನೆ

1970ನೆಯ ಇಸವಿಯ ಎರಡು ಷೆವರ್ಲೆ ಷೆವೆಲ್ ಕಾರುಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದ್ದಾರೆಂದು ಭಾವಿಸೋಣ. ಎರಡಕ್ಕೂ ಒಂದೇ ಕೆಂಪು ಬಣ್ಣ; ಬಾನೆಟ್ಟಿನ ಮೇಲೆ ಒಂದೇ ಅಗಲದ ಜೋಡಿ ಕಪ್ಪು ಪಟ್ಟಿ; ಮುಂಭಾಗದ ಜಾಲರಿಯ ನಡುವೆ ‘ಎಸ್‌ಎಸ್’ ಎಂಬ ಅಕ್ಷರಗಳು; ಒಳಗೆ 454 ಘನ ಅಂಗುಲದ, ಅಂದರೆ ಸುಮಾರು 7.4 ಲೀಟರಿನ, ಎಂಟು ಸಿಲಿಂಡರುಗಳ ಎಂಜಿನ್. ಕೀಲಿ ತಿರುಗಿಸಿದರೆ ಎರಡರ ಗರ್ಜನೆಯೂ ಒಂದೇ. ಮೊದಲನೆಯದು 450 ಅಶ್ವಶಕ್ತಿಯ ‘ಎಲ್‌ಎಸ್6’ ಎಂಜಿನ್ ಸಹಿತವಾಗಿ ಕಾರ್ಖಾನೆಯಿಂದಲೇ ಹೊರಬಂದ 4,475 ವಾಹನಗಳಲ್ಲಿ ಒಂದು. ಎರಡನೆಯದು ಯಾರೋ ಗೃಹಸ್ಥರು ಕಚೇರಿಗೆ ಹೋಗಿಬರಲು ಕೊಂಡಿದ್ದ ಸಾಧಾರಣ ಮಾಲಿಬು. ಕಾಲಾನಂತರದಲ್ಲಿ ಬೇರೆ ಎಂಜಿನ್, ಬೇರೆ ಲಾಂಛನ, ಬೇರೆ ಪಟ್ಟಿಗಳನ್ನು ಧರಿಸಿ ನಿಂತಿದೆ. ಅಸಲಿ ಎಲ್‌ಎಸ್6 ಕಾರು ಲಕ್ಷ ಡಾಲರಿಗೂ ಮೀರಿ ಮಾರಾಟವಾಗುವುದು ಅಮೆರಿಕದ ಪೇಟೆಯಲ್ಲಿ ಸಾಮಾನ್ಯ. ವೇಷ ಧರಿಸಿದ್ದಕ್ಕೆ ಅದರ ಒಂದು ಅಂಶ ಮಾತ್ರ ದೊರೆಯುತ್ತದೆ. ಎರಡರಲ್ಲಿಯೂ ಇರುವ ಉಕ್ಕಿನ ತೂಕ ಒಂದೇ, ಓಟದ ವೇಗವೂ ಬಹುಮಟ್ಟಿಗೆ ಒಂದೇ. ಹಾಗಾದರೆ ಖರೀದಿದಾರನು ಹೆಚ್ಚುವರಿ ಹಣವನ್ನು ಕೊಡುವುದು ಯಾವುದಕ್ಕೆ?

ಸಾಕ್ಷ್ಯಕ್ಕೆ. ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡ ನನ್ನಂಥವನಿಗೆ ಈ ಕಾರುಗಳಲ್ಲಿ ಆಸಕ್ತಿ ಹುಟ್ಟಿದ್ದು ಈ ಕಾರಣದಿಂದಲೇ ಹೊರತು ಅವುಗಳ ವೇಗದಿಂದಲ್ಲ. ಐವತ್ತು ಅರವತ್ತು ವರ್ಷಗಳ ಹಿಂದಿನ ಒಂದು ವಸ್ತುವನ್ನು ಮುಂದಿಟ್ಟುಕೊಂಡು, ‘ಇದು ಹುಟ್ಟಿದಾಗ ಹೇಗಿತ್ತು’ ಎಂಬ ಒಂದೇ ಪ್ರಶ್ನೆಗೆ ಇಷ್ಟೊಂದು ಹಣ, ಇಷ್ಟೊಂದು ಶ್ರಮ, ಇಷ್ಟೊಂದು ವಂಚನೆ ಸುತ್ತಿಕೊಂಡಿರುವ ವ್ಯಾಪಾರ ಮತ್ತೊಂದಿದೆಯೋ ಇಲ್ಲವೋ ಅರಿಯೆ.

ಆರ್ಡರ್ ಫಾರಮಿನ ಒಂದು ಸಾಲು

ಈ ತೊಡಕು ಹುಟ್ಟಿದ್ದೇಕೆಂದು ತಿಳಿಯಲು ಮಸಲ್ ಕಾರಿನ ಜನ್ಮವೃತ್ತಾಂತವನ್ನು ಸ್ವಲ್ಪ ನೋಡಬೇಕು. 1960ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಒಂದು ಒಳನಿಯಮವಿತ್ತು: ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಅಳವಡಿಸಕೂಡದು. ಸಂಸ್ಥೆಯ ಪಾಂಟಿಯಾಕ್ ವಿಭಾಗದ ಎಂಜಿನಿಯರ್ ಜಾನ್ ಡಿಲೊರಿಯನ್ ಮತ್ತು ಅವರ ಸಂಗಡಿಗರು ನಿಯಮವನ್ನು ಮುರಿಯಲಿಲ್ಲ. ನಮ್ಮಲ್ಲಿ ತೆರಿಗೆ ಕಾಯಿದೆಯನ್ನು ಓದುವ ಚತುರರಂತೆ ಅದರ ಪದಗಳನ್ನು ನಿಧಾನವಾಗಿ ಓದಿದರು. ನಿಯಮವು ಮಾದರಿಗಳಿಗೆ ಅನ್ವಯಿಸುತ್ತಿತ್ತು. ಗ್ರಾಹಕನು ಇಚ್ಛಿಸಿ ಹೆಚ್ಚುವರಿ ಹಣ ತೆತ್ತು ಪಡೆಯುವ ಐಚ್ಛಿಕ ಸಲಕರಣೆಗಳ ಬಗ್ಗೆ ಅದು ಮೌನವಾಗಿತ್ತು. 1964ರ ಸಾಲಿನ ಲೆಮಾನ್ ಕಾರಿಗೆ 389 ಘನ ಅಂಗುಲದ ಎಂಜಿನ್ನನ್ನು ಸುಮಾರು 295 ಡಾಲರುಗಳ ಐಚ್ಛಿಕ ಕಟ್ಟಾಗಿ ಸೇರಿಸಿ, ಅದಕ್ಕೆ ‘ಜಿಟಿಓ’ ಎಂದು ಹೆಸರಿಟ್ಟರು. ಐದು ಸಾವಿರ ಕಾರು ಹೋದರೆ ಸಾಕೆಂಬ ಲೆಕ್ಕಾಚಾರವಿತ್ತು. ಆ ಒಂದೇ ವರ್ಷದಲ್ಲಿ 32,450 ಹೋದವು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಅಂಶವೊಂದಿದೆ. ಅಮೆರಿಕದ ಅತಿ ಪ್ರಸಿದ್ಧ ಮಸಲ್ ಕಾರುಗಳಲ್ಲಿ ಬಹಳಷ್ಟು ಪ್ರತ್ಯೇಕ ಮಾದರಿಗಳಾಗಿ ಹುಟ್ಟಲಿಲ್ಲ. ಆರ್ಡರ್ ಫಾರಮಿನಲ್ಲಿ ಗುರುತು ಹಾಕಿದ ಒಂದು ಸಾಲಾಗಿ ಹುಟ್ಟಿದವು. ಕಾರಿಗೆ ಕೊಟ್ಟ ಕ್ರಮಸಂಖ್ಯೆ ಮಾತ್ರ ಮೂಲದ ಬಡ ಮಾದರಿಯದೇ ಆಗಿತ್ತು. 1964 ಮತ್ತು 1965ರ ಜಿಟಿಓ ಕಾರಿನ ಸಂಖ್ಯೆಯನ್ನು ಎಷ್ಟು ಹೊತ್ತು ನೋಡಿದರೂ ಅದು ಜಿಟಿಓ ಎಂದು ಹೇಳದು. 1966ರಲ್ಲಿ ಜಿಟಿಓ ಪ್ರತ್ಯೇಕ ಮಾದರಿಯಾಗಿ ಸಂಖ್ಯೆಯು 242 ಎಂದು ಆರಂಭವಾಗತೊಡಗಿದ ಮೇಲಷ್ಟೇ ಆ ಗೊಂದಲ ತೀರಿತು. ಮೇಲೆ ಹೇಳಿದ 1970ರ ಷೆವೆಲ್‌ನ ಕಥೆಯೂ ಇದೇ. ಎಲ್‌ಎಸ್6 ಎಂಜಿನ್ನಿನ ಕಾರಿಗೂ ಸಣ್ಣ ವಿ8 ಎಂಜಿನ್ನಿನ ಮಾಲಿಬುವಿಗೂ ಸಂಖ್ಯೆಯ ಆರಂಭ 13637 ಎಂದೇ.

ಆಗ ಯಾರಿಗೂ ಬೇಡವಾದದ್ದು

ಇಂದು ಕೋಟಿಗಳಲ್ಲಿ ಬೆಲೆ ಕಟ್ಟುವ ಕಾರುಗಳು ಅಂದು ಸರಾಗವಾಗಿ ಮಾರಾಟವಾದವೆಂದು ತಿಳಿಯುವುದು ತಪ್ಪು. ಇಲಿನಾಯ್ ರಾಜ್ಯದ ಲಾಹಾರ್ಪ್ ಎಂಬ ಪುಟ್ಟ ಊರಿನಲ್ಲಿ ಫ್ರೆಡ್ ಗಿಬ್ ಎಂಬ ಷೆವರ್ಲೆ ಡೀಲರ್ ಇದ್ದರು. ಕಾರು ಪಂದ್ಯಗಳಲ್ಲಿ ಅಪಾರ ಆಸಕ್ತಿ. ಪಂದ್ಯದ ಸಂಸ್ಥೆಯು ಕನಿಷ್ಠ 50 ಕಾರುಗಳಾದರೂ ತಯಾರಾಗಿದ್ದರೆ ಮಾತ್ರ ಆ ಬಗೆಯನ್ನು ಕಣಕ್ಕಿಳಿಸಲು ಅನುಮತಿ ಕೊಡುತ್ತಿತ್ತು. ಗಿಬ್ ಧೈರ್ಯಮಾಡಿ 1969ರ ಸಾಲಿನ ಕ್ಯಾಮರೊ ಕಾರುಗಳಿಗೆ 427 ಘನ ಅಂಗುಲದ, ಇಡಿಯಾಗಿ ಅಲ್ಯೂಮಿನಿಯಮ್ಮಿನ ‘ಜಡ್‌ಎಲ್1’ ಎಂಜಿನ್ ಹಾಕಿಸಿ 50 ಕಾರುಗಳಿಗೆ ಆರ್ಡರ್ ಕೊಟ್ಟರು. ಮೊದಲ ಕಾರುಗಳು 1968ರ ಡಿಸೆಂಬರ್ ಕೊನೆಯಲ್ಲಿ ಬಂದವು. ಇನ್‌ವಾಯ್ಸ್ ನೋಡಿದ ಡೀಲರ್ ತಬ್ಬಿಬ್ಬಾದರು. ಎಂಜಿನ್ ಒಂದಕ್ಕೇ ನಾಲ್ಕು ಸಾವಿರ ಡಾಲರುಗಳಿಗಿಂತ ಹೆಚ್ಚು. ಕಾರಿಗಿಂತ ಎಂಜಿನ್ನೇ ದುಬಾರಿ. ಒಟ್ಟು ಬೆಲೆ ಏಳು ಸಾವಿರ ಡಾಲರ್ ದಾಟಿತು. ಸಣ್ಣ ಊರಿನಲ್ಲಿ ಕೊಳ್ಳುವವರಾರು? ಗಿಬ್ 13 ಕಾರುಗಳನ್ನು ಮಾರಿ, ಉಳಿದ 37ನ್ನು ಕಂಪನಿಗೆ ಹಿಂದಿರುಗಿಸಿದರು. ಕಂಪನಿ ಅವುಗಳನ್ನು ದೇಶದ ಬೇರೆ ಬೇರೆ ಡೀಲರುಗಳಿಗೆ ಹಂಚಿತು. ಆ ಬಗೆಯ ಒಟ್ಟು 69 ಕ್ಯಾಮರೊಗಳು ತಯಾರಾದವು. ಸರಕು ಕಟ್ಟಿಬಿದ್ದು ಬಡ್ಡಿ ಏರುವ ಸಂಕಟವನ್ನು ಅನುಭವಿಸಿದ ನಮ್ಮ ಸದಸ್ಯರಿಗೆ ಗಿಬ್ ಅವರ ಆ ಚಳಿಗಾಲದ ನಿದ್ರಾಹೀನ ರಾತ್ರಿಗಳನ್ನು ವಿವರಿಸಬೇಕಾಗಿಲ್ಲ.

ಪ್ಲಿಮತ್ ಬ್ಯಾರಕೂಡ ಕಾರಿಗೆ ಕ್ರೈಸ್ಲರ್ ಕಂಪನಿಯ 426 ಘನ ಅಂಗುಲದ ‘ಹೆಮಿ’ ಎಂಜಿನ್ ಬೇಕಾದರೆ 1970ರಲ್ಲಿ ಸುಮಾರು 870 ಡಾಲರ್ ಹೆಚ್ಚು ತೆರಬೇಕಿತ್ತು. ಅಷ್ಟು ತೆತ್ತು ಮಡಚುವ ಛಾವಣಿಯ ಕಾರು ಕೊಂಡವರು 1970ರಲ್ಲಿ 14 ಮಂದಿ, 1971ರಲ್ಲಿ 11 ಮಂದಿ. ಅಷ್ಟರಲ್ಲಿ ವಿಮಾ ಕಂಪನಿಗಳು ಎಳೆಯ ಚಾಲಕರ ಪ್ರೀಮಿಯಂ ಏರಿಸಿದ್ದವು. 1970ರ ಶುದ್ಧವಾಯು ಕಾಯಿದೆ ಬಂದಿತ್ತು. 1973ರ ತೈಲ ಬಿಕ್ಕಟ್ಟು ಉಳಿದದ್ದನ್ನು ಮುಗಿಸಿತು. ಹಳೆಯ ಮಸಲ್ ಕಾರುಗಳು ಕಾಲೇಜು ಹುಡುಗರ ಕೈಗೆ, ಅಲ್ಲಿಂದ ಗುಜರಿ ಅಂಗಳಕ್ಕೆ ಇಳಿದವು. ಎಂಜಿನ್ ಸುಟ್ಟರೆ ಸಿಕ್ಕ ಬೇರೆ ಎಂಜಿನ್ ಕೂರಿಸಿದರು. ಕಾಗದಪತ್ರಗಳನ್ನು ಕಸಕ್ಕೆ ಎಸೆದರು. ಆ 11 ಕಾರುಗಳಲ್ಲಿ ಒಂದು 2014ರಲ್ಲಿ ಸಿಯಾಟಲ್ ನಗರದ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಮಾರಾಟವಾಯಿತು. ಬಾಲ್ಯದಲ್ಲಿ ಈ ಕಾರುಗಳನ್ನು ಆಸೆಗಣ್ಣಿನಿಂದ ನೋಡಿದ್ದ ಪೀಳಿಗೆಯ ಕೈಯಲ್ಲಿ ಹಣ ಬಂದಾಗ, ಉಳಿದಿದ್ದ ಕಾರುಗಳು ಬೆರಳೆಣಿಕೆಯಷ್ಟಾಗಿದ್ದವು. ಬೇಡಿಕೆ ಮತ್ತು ಪೂರೈಕೆಯ ಸರಳ ಪಾಠವಷ್ಟೇ. ಆದರೆ ಇದರಲ್ಲಿ ಪೂರೈಕೆಯನ್ನು ಕೃತಕವಾಗಿ ಹೆಚ್ಚಿಸುವ ಆಮಿಷವೂ ಅಡಗಿದೆ.

ಯಾರ ಕಡತ ಉಳಿಯಿತು, ಯಾರದು ಹೋಯಿತು

ಅಸಲಿಯನ್ನು ಪತ್ತೆಹಚ್ಚುವ ಮೊದಲ ಹೆಜ್ಜೆ, ಆಯಾ ಕಂಪನಿಯು ಏನನ್ನು ಬರೆದಿಟ್ಟಿತು, ಏನನ್ನು ಉಳಿಸಿಕೊಂಡಿತು ಎಂಬುದನ್ನು ತಿಳಿಯುವುದು. ಈ ವಿಷಯದಲ್ಲಿ ಒಂದೊಂದು ಕಂಪನಿಯದು ಒಂದೊಂದು ದಾರಿ.

ಕ್ರೈಸ್ಲರ್ ಕಂಪನಿಯ ಕಾರು ಸಂಖ್ಯೆಯ ಐದನೆಯ ಅಕ್ಷರವೇ ಎಂಜಿನ್ನನ್ನು ಹೇಳಿಬಿಡುತ್ತದೆ. 1970ರ ಕಾರಿನ ಸಂಖ್ಯೆ ‘ಬಿಎಸ್23ಆರ್0ಬಿ’ ಎಂದು ಆರಂಭವಾದರೆ, ಬ್ಯಾರಕೂಡ ಕುಲದ ಎರಡು ಬಾಗಿಲಿನ ಕಾರು, ಎಂಜಿನ್ ಹೆಮಿ, ವರ್ಷ 1970, ತಯಾರಾದದ್ದು ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ಎಂದು ಅರ್ಥ. ಆದರೆ ಕಾರುಗಳ ಬಿಡಿ ಬಿಡಿ ತಯಾರಿಕಾ ಕಾರ್ಡುಗಳು ಆ ಕಂಪನಿಯ ಸಂಗ್ರಹದಲ್ಲಿ 1967ರ ಸಾಲಿನವರೆಗಿನವು ಮಾತ್ರ ಉಳಿದಿವೆ. ಅತಿ ಬೆಲೆಬಾಳುವ 1968ರಿಂದ 1971ರ ಅವಧಿಗೆ ಕಂಪನಿಯನ್ನು ಕೇಳಿ ಪ್ರಯೋಜನವಿಲ್ಲ.

ಫೋರ್ಡ್‌ನ ಸಂಖ್ಯೆಯಲ್ಲಿಯೂ ಐದನೆಯ ಅಕ್ಷರ ಎಂಜಿನ್ನಿನ ಗುರುತು. ಅದರ ಜೊತೆಗೆ 1967ರ ಸಾಲಿನಿಂದೀಚೆಗಿನ ತಯಾರಿಕಾ ದತ್ತಾಂಶ ಉಳಿದುಬಂದಿದೆ. ಅರಿಜೋನದ ಮಾರ್ಟಿ ಆಟೋ ವರ್ಕ್ಸ್ ಎಂಬ ಖಾಸಗಿ ಸಂಸ್ಥೆಯು ಫೋರ್ಡ್‌ನಿಂದ ಪರವಾನಗಿ ಪಡೆದು, ಶುಲ್ಕ ಕೊಟ್ಟವರಿಗೆ ಅವರ ಕಾರಿನ ವರದಿಯನ್ನು ಒದಗಿಸುತ್ತದೆ: ಯಾವ ಬಣ್ಣ, ಯಾವ ಗೇರು ಪೆಟ್ಟಿಗೆ, ಯಾವ ಐಚ್ಛಿಕ ಸಲಕರಣೆ, ಯಾವ ಡೀಲರಿಗೆ ಹೋಯಿತು, ಎಂದು ಮಾರಾಟವಾಯಿತು. ‘ಮಾರ್ಟಿ ವರದಿ’ ಇಲ್ಲದೆ ದುಬಾರಿ ಮಸ್ಟ್ಯಾಂಗ್ ಕಾರನ್ನು ಬಲ್ಲವರು ಕೊಳ್ಳುವುದಿಲ್ಲ. 1967ಕ್ಕಿಂತ ಹಿಂದಿನ ಮಸ್ಟ್ಯಾಂಗ್‌ಗಳಿಗೆ ಮಾತ್ರ ಈ ಸೌಲಭ್ಯವಿಲ್ಲ.

ಪಾಂಟಿಯಾಕ್‌ನದು ಇದಕ್ಕೆ ತಿರುವುಮುರುವು. ಸಂಖ್ಯೆ ಮೌನ, ಕಡತ ವಾಚಾಳಿ. ಆ ವಿಭಾಗದ ಹಳೆಯ ಇನ್‌ವಾಯ್ಸ್‌ಗಳ ಪ್ರತಿಗಳು ಉಳಿದು, ‘ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್’ ಎಂಬ ಸಂಸ್ಥೆಯ ಮೂಲಕ ದೊರೆಯುತ್ತವೆ. 1964ರ ಜಿಟಿಓ ಕಾರಿನ ಸತ್ಯಾಸತ್ಯತೆ ನಿಂತಿರುವುದು ಈ ಪ್ರತಿಗಳ ಮೇಲೆ. 2010ರಲ್ಲಿ ಪಾಂಟಿಯಾಕ್ ಎಂಬ ಹೆಸರೇ ವ್ಯಾಪಾರದಿಂದ ಕಣ್ಮರೆಯಾಯಿತು. ಅದರ ಹಳೆಯ ಬಿಲ್ಲುಗಳು ಮಾತ್ರ ಇಂದಿಗೂ ಜನರ ಆಸ್ತಿಗೆ ಬೆಲೆ ಕಟ್ಟುತ್ತಿವೆ!

ಎಲ್ಲಕ್ಕಿಂತ ಕಷ್ಟ ಷೆವರ್ಲೆಯದು. 1971ರವರೆಗಿನ ಅದರ ಸಂಖ್ಯೆಯು ಆರು ಸಿಲಿಂಡರೋ ಎಂಟು ಸಿಲಿಂಡರೋ ಎಂಬುದನ್ನಷ್ಟೇ ತಿಳಿಸುತ್ತದೆ. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕಾರುಗಳ ಬಿಡಿ ದಾಖಲೆಗಳೂ ಸಾಮಾನ್ಯವಾಗಿ ದೊರೆಯವು. ಆದರೆ ಅದೇ ಕಾರು ಕೆನಡಾದಲ್ಲಿ ಮಾರಾಟವಾಗಿದ್ದರೆ, ಜನರಲ್ ಮೋಟಾರ್ಸ್‌ನ ಕೆನಡಾ ಶಾಖೆಯು ಕಡತಗಳನ್ನು ಕಾಪಾಡಿಕೊಂಡದ್ದರಿಂದ ದಾಖಲೆ ಸಿಗುತ್ತದೆ. ಗಡಿಯ ಆಚೆಯ ಒಬ್ಬ ದಫ್ತರ್ ಗುಮಾಸ್ತನ ಶಿಸ್ತು ಈಚೆಯ ಒಂದು ಕಾರಿನ ಬೆಲೆಯನ್ನು ನಿರ್ಧರಿಸುವುದು ವಿಚಿತ್ರವಾದರೂ ನಿಜ.

ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕ ಕಾಗದ

ಕಂಪನಿಯಲ್ಲಿ ದಾಖಲೆ ಇಲ್ಲದಿದ್ದರೆ ಕಾರಿನೊಳಗೇ ಹುಡುಕಬೇಕು. ಜೋಡಣೆಯ ಸಾಲಿನಲ್ಲಿ ಕಾರು ಮುಂದೆ ಸಾಗುವಾಗ, ಯಾವ ಕಾರಿಗೆ ಯಾವ ಭಾಗ ಹಾಕಬೇಕೆಂದು ಕಾರ್ಮಿಕರಿಗೆ ತಿಳಿಸಲು ಸಂಕೇತಗಳನ್ನು ಮುದ್ರಿಸಿದ ಹಾಳೆಯೊಂದು ಇರುತ್ತಿತ್ತು. ಇದಕ್ಕೆ ‘ಬಿಲ್ಡ್ ಷೀಟ್’ ಎಂದೂ, ಕ್ರೈಸ್ಲರ್ ಕಾರುಗಳಲ್ಲಿ ‘ಬ್ರಾಡ್‌ಕಾಸ್ಟ್ ಷೀಟ್’ ಎಂದೂ ಹೆಸರು. ಕೆಲಸ ಮುಗಿದ ಮೇಲೆ ಅದಕ್ಕೆ ಬೆಲೆಯಿರಲಿಲ್ಲ. ಕಾರ್ಮಿಕನು ಅದನ್ನು ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಸುತ್ತಿದ್ದನು; ಕಾರ್ವೆಟ್ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸುತ್ತಿದ್ದರು. ಐವತ್ತು ವರ್ಷಗಳ ತರುವಾಯ, ಜೀರ್ಣೋದ್ಧಾರಕ್ಕಾಗಿ ಹಿಂದಿನ ಸೀಟನ್ನು ಬಿಚ್ಚಿದಾಗ, ಇಲಿ ಕಚ್ಚಿದ, ತುಕ್ಕಿನ ಕಲೆಯ ಆ ಕಾಗದ ಹೊರಬೀಳುತ್ತದೆ. ಹಾಗೆ ಹೊರಬಿದ್ದ ಕಾಗದದ ತುಂಡು ಸಾವಿರಾರು ಡಾಲರುಗಳ ವ್ಯತ್ಯಾಸವನ್ನುಂಟುಮಾಡಬಲ್ಲದು.

ಆದರೆ ಸಿಕ್ಕಿದ್ದೆಲ್ಲ ಅದೇ ಕಾರಿನದೆಂದು ನಂಬಕೂಡದು. ಸಾಲಿನಲ್ಲಿ ಹಿಂದೆ ಮುಂದೆ ಇದ್ದ ಬೇರೆ ಕಾರಿನ ಹಾಳೆ ಇದರ ಸೀಟಿಗೆ ಸೇರಿರುವುದೂ ಉಂಟು. ಹಾಳೆಯ ಮೇಲಿನ ಸಂಖ್ಯೆಯನ್ನು ಕಾರಿನ ಸಂಖ್ಯೆಯೊಡನೆ ತಾಳೆ ನೋಡಿದ ಮೇಲೆಯೇ ಅದು ಸಾಕ್ಷ್ಯ.

ಇದರ ಜೊತೆಗೆ ಇನ್ನೂ ಕೆಲವು ಪತ್ರಗಳಿವೆ. 1958ರ ಕಾಯಿದೆಯಂತೆ ಪ್ರತಿ ಹೊಸ ಕಾರಿನ ಗಾಜಿಗೆ ಅಂಟಿಸಲೇಬೇಕಿದ್ದ ಬೆಲೆಪಟ್ಟಿ. ಕ್ರೈಸ್ಲರ್ ಕಾರುಗಳ ಎಂಜಿನ್ ಕೋಣೆಯಲ್ಲಿ ತಿರುಪು ಹಾಕಿ ಕೂರಿಸಿದ, ಐಚ್ಛಿಕ ಸಲಕರಣೆಗಳ ಸಂಕೇತಗಳನ್ನು ಒತ್ತಿದ ತಗಡು. ಜನರಲ್ ಮೋಟಾರ್ಸ್ 1965ರಿಂದ 1972ರವರೆಗೆ ವಾರಂಟಿ ಪುಸ್ತಕದೊಡನೆ ಕೊಟ್ಟ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಪುಟ್ಟ ಲೋಹದ ಫಲಕ. ಈ ಕೊನೆಯದನ್ನು ಡೀಲರನು ಯಂತ್ರದಲ್ಲಿಟ್ಟು ಕಾಗದದ ಮೇಲೆ ಅಚ್ಚೊತ್ತಿಕೊಳ್ಳುತ್ತಿದ್ದನು. ನಮ್ಮಲ್ಲಿ ಮೊದಲು ಕ್ರೆಡಿಟ್ ಕಾರ್ಡನ್ನು ಉಜ್ಜುತ್ತಿದ್ದರಲ್ಲ, ಹಾಗೆ. ಅದರಲ್ಲಿ ಎಂಜಿನ್ನಿನ ಸಂಕೇತವೂ ಇರುವುದರಿಂದ ಷೆವರ್ಲೆ ಕಾರುಗಳಿಗೆ ಅದು ಸಂಜೀವಿನಿ.

ತಾರೀಖು ಸುಳ್ಳು ಹೇಳಿದಾಗ

ಕಾಗದದ ನಂತರ ಲೋಹ. 1968ರ ಸುಮಾರಿನಿಂದ ಕಾರಿನ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ನಿನ ಮೇಲೆಯೂ ಗೇರು ಪೆಟ್ಟಿಗೆಯ ಮೇಲೆಯೂ ಒತ್ತುವ ಪದ್ಧತಿ ಬಲವಾಯಿತು. ಕಳ್ಳತನ ತಡೆಯುವುದು ಅದರ ಉದ್ದೇಶ. ಈ ಸಂಖ್ಯೆಗಳು ಕಾರಿನ ಸಂಖ್ಯೆಯೊಡನೆ ಹೊಂದಿದರೆ ಅಂಥ ಕಾರನ್ನು ‘ನಂಬರ್ಸ್ ಮ್ಯಾಚಿಂಗ್’ ಎನ್ನುವರು. ಜಾಹೀರಾತುಗಳಲ್ಲಿ ಇಷ್ಟು ಸಡಿಲವಾಗಿ ಬಳಕೆಯಾಗುವ ಮಾತು ಇನ್ನೊಂದಿಲ್ಲ.

ಎರಕದ ತಾರೀಖು ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿ. ಎಂಜಿನ್ನಿನ ಕಬ್ಬಿಣವನ್ನು ಎರಕ ಹೊಯ್ಯುವಾಗಲೇ ಅಚ್ಚಿನಲ್ಲಿ ದಿನಾಂಕ ಮೂಡಿರುತ್ತದೆ. ಷೆವರ್ಲೆಯ ಪದ್ಧತಿಯಲ್ಲಿ ಜನವರಿಗೆ ‘ಎ’, ಫೆಬ್ರವರಿಗೆ ‘ಬಿ’, ಹೀಗೆ ತಿಂಗಳಿಗೊಂದು ಅಕ್ಷರ, ಬಳಿಕ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ‘ಎಫ್ 12 9’ ಎಂದಿದ್ದರೆ 1969ರ ಜೂನ್ 12. ಇನ್ನೊಂದೆಡೆ ಕಾರಿನ ದೇಹಕ್ಕೆ ಹೊಡೆದ ತಗಡಿನಲ್ಲಿ ದೇಹ ತಯಾರಾದ ತಿಂಗಳು ಮತ್ತು ವಾರ ಇರುತ್ತದೆ: ‘05ಬಿ’ ಎಂದರೆ ಮೇ ತಿಂಗಳ ಎರಡನೆಯ ವಾರ. ಮೇ ತಿಂಗಳಲ್ಲಿ ಜೋಡಣೆಯಾದ ಕಾರಿನಲ್ಲಿ ಜೂನ್ ತಿಂಗಳಲ್ಲಿ ಎರಕ ಹೊಯ್ದ ಎಂಜಿನ್ ಇರಲು ಸಾಧ್ಯವಿಲ್ಲ. ಮಾಲೀಕನು ಯಾವ ಪ್ರಮಾಣ ಮಾಡಿದರೂ ಆ ಎಂಜಿನ್ ನಂತರ ಬಂದದ್ದೇ.

ಇದನ್ನು ಮೊದಲು ಓದಿದಾಗ ನನಗೆ ನನ್ನ ವೃತ್ತಿಜೀವನದ ಆರಂಭದ ಘಟನೆಯೊಂದು ನೆನಪಾಯಿತು. ಪಾಲುದಾರಿಕೆ ಕರಾರುಪತ್ರವೊಂದು ಏಪ್ರಿಲ್ 1ರ ದಿನಾಂಕ ಹೊತ್ತು ಮೇಜಿಗೆ ಬಂದಿತ್ತು. ಸಹಿ, ಸಾಕ್ಷಿ, ಒಕ್ಕಣೆ ಎಲ್ಲ ಸರಿ. ಹಾಳೆಯನ್ನು ತಿರುಗಿಸಿ ನೋಡಿದರೆ ಛಾಪಾ ಕಾಗದವನ್ನು ಮಾರಿದವನ ಮುದ್ರೆಯಲ್ಲಿ ಆಗಸ್ಟ್ ತಿಂಗಳು! ಸುಳ್ಳು ಹೇಳುವವನು ಹಾಳೆಯ ಮುಂಭಾಗವನ್ನು ಜೋಪಾನವಾಗಿ ತಿದ್ದುತ್ತಾನೆ. ಹಿಂಭಾಗ ಅವನಿಗೆ ನೆನಪಾಗುವುದಿಲ್ಲ.

ಕಾರಿನ ಖದೀಮರು ಮಾತ್ರ ಹಿಂಭಾಗವನ್ನೂ ಮರೆಯಲಿಲ್ಲ. ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಉಜ್ಜಿ ತೆಗೆದು ಬೇಕಾದ ಸಂಖ್ಯೆಯನ್ನು ಒತ್ತುವುದು ಹಳೆಯ ಕಸುಬು. ಕಾರ್ಖಾನೆಯ ಯಂತ್ರವು ಆ ಮೇಲ್ಮೈಯನ್ನು ಹೆರೆದಾಗ ನವಿರಾದ ಸಮಾನಾಂತರ ಗೆರೆಗಳು ಉಳಿದಿರುತ್ತವೆ; ಮತ್ತೆ ಉಜ್ಜಿದರೆ ಅವು ಅಳಿಯುತ್ತವೆ. ಪರೀಕ್ಷಕನು ಭೂತಗನ್ನಡಿ ಹಿಡಿದು ಸಂಖ್ಯೆಗಿಂತ ಮೊದಲು ನೋಡುವುದು ಈ ಗೆರೆಗಳನ್ನೇ. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ: ಪ್ರಾಮಾಣಿಕ ವರ್ಕ್‌ಷಾಪಿನಲ್ಲಿ ಎಂಜಿನ್ ದುರಸ್ತಿಗೆಂದು ಮೇಲ್ಮೈಯನ್ನು ಹೆರೆಸಿದಾಗಲೂ ಸಂಖ್ಯೆ ಅಳಿದುಹೋಗಬಹುದು. ಸಾಕ್ಷ್ಯ ಇಲ್ಲದಿರುವುದು ವಂಚನೆಗೆ ಪುರಾವೆಯಲ್ಲ. ಹಾಗೆಯೇ ಅದು ಅಸಲಿತನಕ್ಕೂ ಪುರಾವೆಯಾಗದು. ಬೆಲೆ ಆ ಮಟ್ಟಿಗೆ ಇಳಿಯಲೇಬೇಕು.

ಇನ್ನು ನಕಲಿ ತಗಡು, ಹಳೆಯ ಅಕ್ಷರಶೈಲಿಯಲ್ಲಿ ಮುದ್ರಿಸಿ ಬಣ್ಣಗೆಡಿಸಿದ ನಕಲಿ ಬಿಲ್ಡ್ ಷೀಟ್, ಹೊಸದಾಗಿ ಅಚ್ಚಾದ ಬೆಲೆಪಟ್ಟಿ, ಇವೆಲ್ಲವೂ ಪೇಟೆಯಲ್ಲಿವೆ. ಬೆಲೆಪಟ್ಟಿಯ ನಕಲನ್ನು ಪ್ರದರ್ಶನಕ್ಕಾಗಿ ಕಾರಿನ ಗಾಜಿಗೆ ಅಂಟಿಸುವುದರಲ್ಲಿ ದೋಷವಿಲ್ಲ. ಅದನ್ನು ಮೂಲವೆಂದು ಮುಂದಿನ ಖರೀದಿದಾರನಿಗೆ ದಾಟಿಸಿದಾಗ ಅದು ಅಪರಾಧ. ಕೆಲವೊಮ್ಮೆ ಮೊದಲ ನಕಲುಗಾರ ನಿರ್ದೋಷಿ, ಮೂರನೆಯ ಮಾಲೀಕ ವಂಚಕ, ಐದನೆಯವನು ವಂಚಿತ.

ಶುದ್ಧ ಮನಸ್ಸಿನವನಿಗೂ ಕಷ್ಟ

ಕಾರಿನ ಸಂಖ್ಯೆಯ ಫಲಕವನ್ನು ತೆಗೆಯುವುದು, ತಿದ್ದುವುದು ಅಮೆರಿಕದ ಸಂಯುಕ್ತ ಕಾನೂನಿನಡಿ ಐದು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ದುರಸ್ತಿಗೆ ಅನಿವಾರ್ಯವಾದಾಗ ವಿನಾಯಿತಿಯುಂಟು. ಆದರೆ ರಾಜ್ಯಗಳ ಕಾನೂನುಗಳು ಬೇರೆ ಬೇರೆ. ಇದರಿಂದ ಒದಗಬಹುದಾದ ಸಂಕಟಕ್ಕೆ ಕ್ಯಾನ್ಸಾಸ್ ರಾಜ್ಯದ ಪ್ರಕರಣವೊಂದು ಸಾಕ್ಷಿ. ಅದು ಮಸಲ್ ಕಾರಲ್ಲ, 1959ರ ಕಾರ್ವೆಟ್ ಸ್ಪೋರ್ಟ್ಸ್ ಕಾರು. ಆದರೆ ಪ್ರಶ್ನೆ ಅದೇ. ಗ್ರಾಹಕರೊಬ್ಬರು ಇಂಡಿಯಾನಾ ರಾಜ್ಯದ ಡೀಲರೊಬ್ಬರಿಂದ ಆ ಕಾರನ್ನು ಸುಮಾರು 50,000 ಡಾಲರಿಗೆ ಕೊಂಡು, 2017ರಲ್ಲಿ ನೋಂದಣಿಗಾಗಿ ಕ್ಯಾನ್ಸಾಸ್‌ನಲ್ಲಿ ತಪಾಸಣೆಗೆ ಒಯ್ದರು. ಹಿಂದೆಂದೋ ಜೀರ್ಣೋದ್ಧಾರ ಮಾಡಿದವರು ಸಂಖ್ಯಾಫಲಕವನ್ನು ಬಿಚ್ಚಿ, ಬಣ್ಣ ಬಳಿದು, ಮರಳಿ ಕೂರಿಸಿದ್ದರು, ರಿವೆಟ್ಟುಗಳು ಮೂಲದವಾಗಿರಲಿಲ್ಲ. ಪೊಲೀಸರು ಕಾರನ್ನು ವಶಪಡಿಸಿಕೊಂಡರು. ಆಗಿನ ರಾಜ್ಯ ಕಾನೂನಿನ ಪ್ರಕಾರ ಅಂಥ ವಾಹನವನ್ನು ನಾಶಪಡಿಸಬೇಕಿತ್ತು! ಖರೀದಿದಾರರು ನಿರ್ದೋಷಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ವರ್ಷಗಳ ಕಾಲ ನ್ಯಾಯಾಲಯಕ್ಕೆ ಅಲೆದಾಡಬೇಕಾಯಿತು. 2022ರಲ್ಲಿ ರಾಜ್ಯದ ಶಾಸನಸಭೆಯು ಕಾನೂನನ್ನು ತಿದ್ದಿದ ಮೇಲೆ ಕಾರು ಮಾಲೀಕರ ಕೈ ಸೇರಿತು.

ಅದೊಂದು ಫಲಕವನ್ನು ಬಿಚ್ಚುವ ಮುನ್ನ ಹತ್ತು ಛಾಯಾಚಿತ್ರಗಳನ್ನೂ ಒಂದು ಲಿಖಿತ ಟಿಪ್ಪಣಿಯನ್ನೂ ಇಟ್ಟಿದ್ದರೆ ಎಷ್ಟೋ ಪಾಲು ತೊಂದರೆ ತಪ್ಪುತ್ತಿತ್ತೇನೋ ಎಂದು ಲೆಕ್ಕಪತ್ರದವನಾದ ನನಗೆ ಅನ್ನಿಸದೆ ಇರಲಿಲ್ಲ. ಇಂದು ಅನುಭವಿ ಜೀರ್ಣೋದ್ಧಾರಕರು ಹಾಗೆಯೇ ಮಾಡುತ್ತಾರೆ. ಕೆಲಸ ಆರಂಭಿಸುವ ಮೊದಲೇ ಇಂಚು ಇಂಚನ್ನೂ ಚಿತ್ರ ತೆಗೆದು, ಕೊಂಡ ಪ್ರತಿ ಭಾಗದ ರಸೀದಿಯನ್ನು ಕಡತದಲ್ಲಿಟ್ಟು, ಕಾರಿನೊಡನೆ ಆ ಕಡತವನ್ನೂ ಮಾರುತ್ತಾರೆ.

ಹೆಚ್ಚು ಚೆನ್ನಾದರೂ ಅಂಕ ಕಡಿತ

ಜೀರ್ಣೋದ್ಧಾರವೆಂದರೆ ಹೊಳೆಯುವಂತೆ ಮಾಡುವುದೆಂದು ನಾವು ತಿಳಿಯುತ್ತೇವೆ. 1974ರಲ್ಲಿ ಸ್ಥಾಪನೆಯಾದ ಅಮೆರಿಕದ ಕಾರ್ವೆಟ್ ಜೀರ್ಣೋದ್ಧಾರಕರ ರಾಷ್ಟ್ರೀಯ ಸಂಘದ ಅಳತೆಗೋಲೇ ಬೇರೆ: ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿರಬೇಕು. ಆ ದಿನಗಳಲ್ಲಿ ಬಣ್ಣ ಅಲ್ಲಲ್ಲಿ ಇಳಿದಿರುತ್ತಿತ್ತು. ಕಪ್ಪು ಬಣ್ಣದ ತುಂತುರು ಬೇಡದ ಕಡೆಗೂ ಹಾರಿರುತ್ತಿತ್ತು. ತಪಾಸಣೆ ಮಾಡಿದವನು ಸೀಮೆಸುಣ್ಣದಲ್ಲೋ ಬಣ್ಣದ ಕಡ್ಡಿಯಲ್ಲೋ ಗೀಚಿದ ಗುರುತು ಅಡಿಭಾಗದಲ್ಲಿರುತ್ತಿತ್ತು. ಇವನ್ನೆಲ್ಲ ಅಳಿಸಿ ಕನ್ನಡಿಯಂತೆ ಮಾಡಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಆದ್ದರಿಂದ ಇಂದಿನ ಕುಶಲಕರ್ಮಿಯು ಅಂದಿನ ಅವಸರದ ಕೆಲಸಗಾರನ ಓರೆಕೋರೆಗಳನ್ನು ತಾಳ್ಮೆಯಿಂದ ಅಭ್ಯಾಸ ಮಾಡಿ ಮರುಸೃಷ್ಟಿಸುತ್ತಾನೆ. ದೇಹವನ್ನು ಚೌಕಟ್ಟಿಗೆ ಬಿಗಿದು ತಿರುಗಿಸುತ್ತಾ ಮಾಡುವ ಸಂಪೂರ್ಣ ಜೀರ್ಣೋದ್ಧಾರಕ್ಕೆ ಸಾವಿರ ಗಂಟೆಗಳ ದುಡಿಮೆ ಹಿಡಿಯುವುದು ಅಪರೂಪವಲ್ಲ.

ಈ ಖರ್ಚೆಲ್ಲವೂ ಕಾರಿನ ಮೌಲ್ಯಕ್ಕೆ ಸೇರುವುದೇ? ದಾಸ್ತಾನಿನ ಮೌಲ್ಯವನ್ನು ‘ಕೊಂಡ ಬೆಲೆ ಅಥವಾ ಪೇಟೆ ಬೆಲೆ, ಯಾವುದು ಕಡಿಮೆಯೋ ಅದು’ ಎಂದು ಬರೆಯುವ ನಮ್ಮ ಸದಸ್ಯರಿಗೆ ಉತ್ತರ ಗೊತ್ತೇ ಇದೆ. ಸಾಧಾರಣ ಮಾಲಿಬುವಿಗೂ ಎಲ್‌ಎಸ್6ಗೂ ಬಣ್ಣ ಬಳಿಯುವ ಕೂಲಿ ಒಂದೇ. ಮಾರುವಾಗ ಸಿಗುವ ಹಣ ಒಂದೇ ಅಲ್ಲ. ಪರಿಶೋಧನೆಯನ್ನು ಮೊದಲು ಮಾಡಿ, ಉಪಕರಣವನ್ನು ಆಮೇಲೆ ಕೈಗೆತ್ತಿಕೊಳ್ಳುವುದು ಇದರಿಂದಲೇ.

ನಮ್ಮ ಸಣ್ಣ ಕೈಗಾರಿಕೆಗಳ ಗಮನಕ್ಕೆ ಬರಬೇಕಾದ ಮಾತೊಂದು ಇಲ್ಲಿದೆ. ಈ ಹವ್ಯಾಸದ ಬೆನ್ನಿಗೆ ಅಮೆರಿಕದಲ್ಲಿ ಬಿಡಿಭಾಗಗಳ ದೊಡ್ಡ ಉದ್ಯಮವೇ ಬೆಳೆದಿದೆ. ರಬ್ಬರ್ ಪಟ್ಟಿ, ಕೊಳವೆಯ ಬಿಗಿಪಟ್ಟಿ, ಲಾಂಛನ, ಸೀಟಿನ ಬಟ್ಟೆ, ಎಲ್ಲವನ್ನೂ ಮೂಲದ ಅಚ್ಚಿನಂತೆಯೇ ಸಣ್ಣ ಸಣ್ಣ ತಂಡಗಳಲ್ಲಿ ತಯಾರಿಸುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ತಂತಿಯ ಮೇಲೆ 1969ರ ತ್ರೈಮಾಸಿಕದ ಗುರುತನ್ನು ಮುದ್ರಿಸಿಕೊಡುವವರೂ ಇದ್ದಾರೆ. ಡೈನಕಾರ್ನ್ ಎಂಬ ಸಂಸ್ಥೆಯು 1969ರ ಕ್ಯಾಮರೊವಿನ ಇಡೀ ಉಕ್ಕಿನ ದೇಹವನ್ನೇ ಹೊಸದಾಗಿ ತಯಾರಿಸುತ್ತದೆ. ಬೋಲ್ಟ್ ಒಂದರ ತಲೆಯ ಮೇಲಿನ ಗುರುತು ಸರಿಯಿದ್ದರೆ ಅದಕ್ಕೆ ಮಾಮೂಲಿ ಬೋಲ್ಟಿನ ಹಲವು ಪಟ್ಟು ಬೆಲೆ ಕೊಡುವ ಗ್ರಾಹಕನಿರುವ ಪೇಟೆ ಇದು. ಹೊಸ ದೇಹದಿಂದ ಕಟ್ಟಿದ ಕಾರನ್ನು ಹಾಗೆಂದೇ ಹೇಳಿ ಮಾರಿದರೆ ಅದು ಮರ್ಯಾದಸ್ಥ ವ್ಯಾಪಾರ. ‘ಟ್ರಿಬ್ಯೂಟ್’ ಎಂಬ ಹೆಸರಿನಲ್ಲಿ ಅಂಥವಕ್ಕೂ ಗಿರಾಕಿಗಳಿದ್ದಾರೆ. ತುಕ್ಕು ಹಿಡಿದು ಹೋದ ಅಸಲಿ ಕಾರಿನ ಸಂಖ್ಯಾಫಲಕವೊಂದನ್ನು ತಂದು ಅದಕ್ಕೆ ಹೊಡೆದ ಕ್ಷಣ ಅದರ ಜಾತಿ ಬದಲಾಗುತ್ತದೆ.

ಮುಟ್ಟದೆ ಬಿಟ್ಟದ್ದರ ಬೆಲೆ

1968ರ ‘ಬುಲಿಟ್’ ಚಲನಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟ್ಯಾಂಗ್ ಕಾರನ್ನು 1974ರಲ್ಲಿ ಒಂದು ಕುಟುಂಬ ಸುಮಾರು 6,000 ಡಾಲರಿಗೆ ಕೊಂಡು ದಿನಬಳಕೆಗೆ ಇಟ್ಟುಕೊಂಡಿತ್ತು. 1977ರಲ್ಲಿ ನಟರೇ ಕಾರನ್ನು ಮರಳಿ ಕೊಡುವಂತೆ ಕೇಳಿ ಪತ್ರ ಬರೆದರು. ಕುಟುಂಬ ಕೊಡಲಿಲ್ಲ, ಆದರೆ ಪತ್ರವನ್ನು ಜೋಪಾನವಾಗಿಟ್ಟಿತು. ಕಾರಿಗೆ ಹೊಸ ಬಣ್ಣ ಬಳಿಸಲಿಲ್ಲ. 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿಯಲ್ಲಿ ಹರಾಜಾದಾಗ ಕೂಗು ನಿಂತದ್ದು 34 ಲಕ್ಷ ಡಾಲರಿಗೆ. ಶುಲ್ಕಗಳು ಸೇರಿ 37.4 ಲಕ್ಷ. ಮಾಸಿದ ಹಸಿರು, ತುಕ್ಕಿನ ಕಲೆ, ಎಲ್ಲವೂ ಹಾಗೆಯೇ ಇದ್ದವು. ಅದೇ ಚಿತ್ರದಲ್ಲಿ ಬಳಕೆಯಾದ ಎರಡನೆಯ ಕಾರು ಮೆಕ್ಸಿಕೋದ ಬಾಹ ಕ್ಯಾಲಿಫೋರ್ನಿಯಾದ ಗುಜರಿ ಅಂಗಳದಲ್ಲಿ ಸಿಕ್ಕಿತ್ತು. ಕೊಂಡವರು ಅದನ್ನು ಬೇರೊಂದು ಚಲನಚಿತ್ರದ ಕಾರಿನ ನಕಲಾಗಿ ಮಾರ್ಪಡಿಸಲು ಹೊರಟಿದ್ದರು. 2017ರಲ್ಲಿ ಕೆವಿನ್ ಮಾರ್ಟಿ ಅವರು ಸಂಖ್ಯೆಯನ್ನು ಪರಿಶೀಲಿಸಿ ಅದು ಯಾವ ಕಾರೆಂದು ದೃಢಪಡಿಸಿದರು. ಎರಡು ಕಾರುಗಳ ಸಂಖ್ಯೆಗಳಿಗೂ ಕೊನೆಯ ಅಂಕಿಯಲ್ಲಷ್ಟೇ ವ್ಯತ್ಯಾಸ: ಒಂದು 558, ಇನ್ನೊಂದು 559.

ಹಳೆಯ ವಾಹನಗಳನ್ನಿಟ್ಟುಕೊಂಡಿರುವ ನಮ್ಮ ಸದಸ್ಯರಿಗಾಗಿ ಕೊನೆಯಲ್ಲಿ ಒಂದು ಮಾಹಿತಿ. ಭಾರತದಲ್ಲಿಯೂ ಕೇಂದ್ರ ಸಾರಿಗೆ ಸಚಿವಾಲಯವು 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯನ್ನು ಕಲ್ಪಿಸಿತು. ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಗೊತ್ತುಮಾಡಲಾಯಿತು. ವಾಹನವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ. ಚಾಸಿ, ದೇಹ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡಾಗದೆ ವಾಹನವು ಮೂಲ ಸ್ವರೂಪದಲ್ಲಿಯೇ ಇರಬೇಕೆಂಬುದು ಅಲ್ಲಿಯೂ ಷರತ್ತು. ಅರ್ಜಿಯೊಡನೆ ವಿಮಾ ಪತ್ರ, ಇಲ್ಲಿಯೇ ನೋಂದಣಿಯಾಗಿದ್ದರೆ ಹಳೆಯ ಆರ್.ಸಿ. ಪುಸ್ತಕ, ಆಮದಾಗಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಲಗತ್ತಿಸಬೇಕು. ತಂದೆಯವರ ಕಾಲದ ಫಿಯಟ್ಟೋ ಅಂಬಾಸಿಡರೋ ಷೆಡ್ಡಿನಲ್ಲಿದ್ದರೆ, ಬಣ್ಣದ ಅಂಗಡಿಗೆ ಹೋಗುವ ಮುನ್ನ ಬೀರುವಿನಲ್ಲಿ ಆ ಆರ್.ಸಿ. ಪುಸ್ತಕ ಎಲ್ಲಿದೆಯೆಂದು ಹುಡುಕಿಡುವುದು ಒಳ್ಳೆಯದು.